ಬ್ಲೆಂಡರ್ ಕ್ಲೀನಿಂಗ್ ಎಸ್‌ಒಪಿ (ಕೆಲಸದ ಲಿಖಿತ ವಿಧಾನ) 11 ಪುಟ ಇದೆ, ಆದರೂ ಹೆಜ್ಜೆ ತಪ್ಪುತ್ತಿದೆ. ಹೇಗೆ ಬರೆಯಬೇಕು?

ಮಸಾಲೆ_ಲೈನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಕಡೆಯ ಮಸಾಲೆ ಪುಡಿ ಘಟಕ. ರಿಬ್ಬನ್ ಬ್ಲೆಂಡರ್ (ತೊಟ್ಟಿಯೊಳಗೆ ಸುರುಳಿ ಪಟ್ಟಿ ತಿರುಗಿ ಪುಡಿ ಬೆರೆಸುವ ಯಂತ್ರ), ಬ್ಯಾಚಿಗೆ 500 ಕೆ.ಜಿ., 15 ಎಚ್‌ಪಿ ಮೋಟಾರ್, ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೊದಲು ಸ್ಟಾರ್ ಜೋಡಣೆಯಲ್ಲಿ ಮೆಲ್ಲಗೆ ಶುರು ಮಾಡಿ, ಆಮೇಲೆ ಪೂರ್ಣ ಬಲದ ಡೆಲ್ಟಾಕ್ಕೆ ಬದಲಿಸುವಂಥದ್ದು). ಮೇಲಿನ ಮುಚ್ಚಳಕ್ಕೆ ಲಿಮಿಟ್ ಸ್ವಿಚ್ ಇದೆ, ಮುಚ್ಚಳ ತೆರೆದರೆ ಮೋಟಾರ್ ನಿಲ್ಲುತ್ತದೆ. ಕೆಳಗೆ ಪುಡಿ ಇಳಿಸುವ ಸ್ಲೈಡ್ ಗೇಟ್, ಅದನ್ನು ಎಳೆಯುವುದು 6 ಬಾರ್ ಒತ್ತಡದ ಗಾಳಿಯ ಸಿಲಿಂಡರ್. ಹಾಪರ್‌ನಿಂದ ಪುಡಿ ತರುವ ಸ್ಕ್ರೂ ಕನ್ವೇಯರ್‌ಗೆ ಮೋಟಾರ್ ಬೇರೆ, ಐಸೊಲೇಟರ್ (ಪವರ್ ಪೂರ್ತಿ ಕಡಿಯುವ ಸ್ವಿಚ್) ಬೇರೆ. ಖಾರದ ಪುಡಿ ಮುಗಿಸಿ ಧನಿಯಾ ಹಾಕುವಾಗಲೆಲ್ಲ ನೀರು ಮುಟ್ಟಿಸದೆ ಬ್ರಷ್, ವ್ಯಾಕ್ಯೂಮ್‌ನಲ್ಲಿ ಒಳಗೆಲ್ಲ ಕ್ಲೀನ್ ಆಗಬೇಕು. ದಿನಕ್ಕೆ ನಾಲ್ಕೈದು ಸಲ.

ಎಸ್‌ಒಪಿ 11 ಪುಟ. ಅದರಲ್ಲಿ ಮುಖ್ಯ ಭಾಗ ಹೀಗಿದೆ, ಇದ್ದ ಹಾಗೇ ಹಾಕುತ್ತಿದ್ದೇನೆ:

"4.3 ಶುಚಿಗೊಳಿಸುವ ಕಾರ್ಯವನ್ನು ಕೈಗೊಳ್ಳುವ ಮೊದಲು ಸದರಿ ಯಂತ್ರದ ಮುಚ್ಚಳವನ್ನು ತೆರೆಯತಕ್ಕದ್ದು ಹಾಗೂ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಿ ಬೀಗ ಹಾಕಿ ಸ್ಟಾರ್ಟ್ ಬಟನ್ ಒತ್ತಿ ಯಂತ್ರವು ಚಾಲನೆಯಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.
4.4 ಏರ್ ವಾಲ್ವ್ ತೆಗೆದು ಗಾಳಿಯ ಒತ್ತಡವನ್ನು ಪರಿಶೀಲಿಸತಕ್ಕದ್ದು.
4.5 ಎಲ್ಲಾ ಕಾರ್ಮಿಕರು ಜಾಗರೂಕತೆಯಿಂದ ಇರತಕ್ಕದ್ದು."

ಮೂರು ತಿಂಗಳಿಗೊಮ್ಮೆ ಟ್ರೇನಿಂಗ್ ಆಗುತ್ತದೆ, ಎಲ್ಲರ ಸಹಿಯೂ ಇದೆ. ಫ್ಲೋರ್‌ನಲ್ಲಿ ನೋಡಿದರೆ ಎಮರ್ಜೆನ್ಸಿ ಸ್ಟಾಪ್ ಒತ್ತಿ, ಮುಚ್ಚಳ ಎತ್ತಿ, ಕೈ ಒಳಗೆ. ಬೀಗಗಳು ಮೆಂಟೆನೆನ್ಸ್ ಆಫೀಸಿನ ಡಬ್ಬಿಯಲ್ಲಿವೆ. ಚೆಕ್‌ಲಿಸ್ಟಿನ ಟಿಕ್‌ಗಳೆಲ್ಲ ಶಿಫ್ಟ್ ಮುಗಿಯುವ ಹೊತ್ತಿಗೆ ಒಂದೇ ಪೆನ್ನಿನಲ್ಲಿ ಬಿದ್ದಿರುತ್ತವೆ. ಮ್ಯಾನೇಜ್‌ಮೆಂಟ್ ಪ್ರಕಾರ ಇದು ನಿರ್ಲಕ್ಷ್ಯ, ಇನ್ನೊಂದು ಟ್ರೇನಿಂಗ್ ಕೊಡಿ. ಕಾಗದದಲ್ಲೇ ಏನೋ ತಪ್ಪಿದೆ ಎಂಬುದು ನನ್ನ ಅನುಮಾನ. ಎಲ್ಲಿಂದ ಶುರು ಮಾಡಲಿ?

---

ಹಳದಿ_ಹೆಲ್ಮೆಟ್

ಅನುಮಾನ ಸರಿ. ಆದರೆ ಬರೆಯಲು ಕೂರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಪವರ್ ತೆಗೆಯದೆ ಎಮರ್ಜೆನ್ಸಿ ಸ್ಟಾಪ್ ಮಾತ್ರ ಒತ್ತಿ ಏಕೆ ಕ್ಲೀನ್ ಮಾಡುತ್ತಾರೆ? ಸೋಮಾರಿತನ ಅಂತ ಬರೆದು ಮುಂದೆ ಹೋಗಬೇಡಿ. ರಿಬ್ಬನ್ನಿನ ಅಡಿ ಭಾಗ ಬ್ರಷ್ಷಿಗೆ ಸಿಗಬೇಕಾದರೆ ಅದನ್ನು ಅರ್ಧ ಸುತ್ತು ತಿರುಗಿಸಲೇಬೇಕು, ಒಂದು ಕ್ಲೀನಿಂಗ್‌ನಲ್ಲಿ ಮೂರು ನಾಲ್ಕು ಸಲ. ನಿಮ್ಮ 4.3ರಲ್ಲಿ ತಿರುಗಿಸುವ ಮಾತೇ ಇಲ್ಲ. ಬೀಗ ಹಾಕಿದವನು ತಿರುಗಿಸುವುದು ಹೇಗೆ? ಬೀಗ ತೆಗೆದು, ಮುಚ್ಚಳ ಮುಚ್ಚಿ, ಇಂಚಿಂಗ್ ಕೊಟ್ಟು (ಮೋಟಾರನ್ನು ಕ್ಷಣ ಮಾತ್ರ ಓಡಿಸಿ), ಮತ್ತೆ ಬೀಗ ಹಾಕಿ, ಹೀಗೆ ನಾಲ್ಕು ಸಲ? ಯಾರೂ ಮಾಡುವುದಿಲ್ಲ. ಕೆಲಸಕ್ಕೆ ಬೇಕೇಬೇಕಾದ ಒಂದು ಹೆಜ್ಜೆಯನ್ನು ಎಸ್‌ಒಪಿ ಬಿಟ್ಟುಬಿಟ್ಟರೆ ಆ ಜಾಗವನ್ನು ಜನ ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ.

ಇದಕ್ಕೆ ದಾರಿ ಮೆಕ್ಯಾನಿಕಲ್. ಮೋಟಾರ್ 1440 ಆರ್‌ಪಿಎಂ, ರಿಬ್ಬನ್ ಸುಮಾರು 40 ಅಂದುಕೊಳ್ಳಿ. ಅನುಪಾತ 36ಕ್ಕೆ 1. ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿಗೆ ಕೈಯಿಂದ ತಿರುಗಿಸುವ ಹ್ಯಾಂಡಲ್ ಕೂರುವಂತೆ ಮಾಡಿದರೆ 18 ಸುತ್ತಿಗೆ ರಿಬ್ಬನ್ ಅರ್ಧ ಸುತ್ತು ಬರುತ್ತದೆ. ಖಾಲಿ ಬ್ಲೆಂಡರ್‌ನಲ್ಲಿ ಒಬ್ಬನ ಕೈಗೆ ಇದು ಭಾರವಲ್ಲ, ಪವರ್ ಬೀಗದಲ್ಲೇ ಇರುತ್ತದೆ. ಹ್ಯಾಂಡಲ್ ಶಾಫ್ಟಿನಲ್ಲೇ ಉಳಿದು ಮೋಟಾರ್ ಸ್ಟಾರ್ಟ್ ಆದರೆ ಅದು ಗುಂಡಿನಂತೆ ಹಾರುತ್ತದೆ. ಆದ್ದರಿಂದ ಶಾಫ್ಟ್ ತುದಿಗೆ ಒಂದು ಮುಚ್ಚಳ, ಆ ಮುಚ್ಚಳಕ್ಕೆ ಒಂದು ಇಂಟರ್‌ಲಾಕ್ ಸ್ವಿಚ್ (ಮುಚ್ಚಳ ಕೂರದಿದ್ದರೆ ಸ್ಟಾರ್ಟ್ ಆಗಲು ಬಿಡದ್ದು). ಹ್ಯಾಂಡಲ್ ಇದ್ದರೆ ಮುಚ್ಚಳ ಕೂರಬಾರದು. ತಿರುಗಿಸುವಾಗ ಇನ್ನೊಬ್ಬನ ಕೈ ಒಳಗಿರಬಾರದು ಎಂಬ ಮಾತು ಎಸ್‌ಒಪಿಯಲ್ಲಿ ಬರಲೇಬೇಕು. ಕೈಯಿಂದ ತಿರುಗಿಸಿದರೂ ರಿಬ್ಬನ್ ಮತ್ತು ತೊಟ್ಟಿಯ ನಡುವಿನ ಸಂದು ಬೆರಳನ್ನು ಕತ್ತರಿಸುವಷ್ಟು ಕಿರಿದು.

ಇನ್ನು ತಪ್ಪುಗಳ ಬಗ್ಗೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಮಾಡಿದ ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಪಕ್ಕದ ಬ್ಲೆಂಡರ್‌ನ ಐಸೊಲೇಟರ್ ತಿರುಗಿಸುವುದು ಕೈ ತಪ್ಪು. ಅದಕ್ಕೆ ಟ್ರೇನಿಂಗ್ ಮದ್ದಲ್ಲ, ದೊಡ್ಡ ಲೇಬಲ್ ಮದ್ದು. ಗಾಳಿ ಬಿಡುವುದನ್ನು ಮರೆಯುವುದು ನೆನಪಿನ ತಪ್ಪು, ಅದಕ್ಕೆ ಹೆಜ್ಜೆಯ ಪಟ್ಟಿ ಬೇಕು. ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಸಾಕು ಎಂದು ನಂಬಿರುವುದು ತಿಳಿವಳಿಕೆಯ ತಪ್ಪು. ಟ್ರೇನಿಂಗ್ ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ. ಗೊತ್ತಿದ್ದೂ ಬೀಗ ಹಾಕದಿರುವುದು ಉಲ್ಲಂಘನೆ. ಅದಕ್ಕೆ ಕಾರಣ ಸಾಮಾನ್ಯವಾಗಿ ಬೀಗ ಎಲ್ಲಿದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರಲ್ಲಿ ಸಿಗುತ್ತದೆ. ನಾಲ್ಕಕ್ಕೂ ಒಂದೇ ಟ್ರೇನಿಂಗ್ ಕೊಡುವುದು ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಕೊಟ್ಟ ಹಾಗೆ.

4.5ನ್ನು ಅಳಿಸಿ. "ಜಾಗರೂಕತೆಯಿಂದ ಇರಿ" ಎಂಬುದು ಹೆಜ್ಜೆಯಲ್ಲ. ಆಯಿತೋ ಇಲ್ಲವೋ ಎಂದು ಕಣ್ಣಿಂದ ನೋಡಿ ಹೇಳಲಾಗದ್ದು ಎಸ್‌ಒಪಿಯಲ್ಲಿ ಇರಬಾರದು.

---

ಕಾಂಟ್ಯಾಕ್ಟರ್_ಟಕ್

ಎಲೆಕ್ಟ್ರಿಕಲ್ ಕಡೆಯಿಂದ ನೋಡಿದರೆ 4.3ರ ಕ್ರಮವೇ ಅಪಾಯಕಾರಿ. ಓದಿ ನೋಡಿ: ಮುಚ್ಚಳ ತೆರೆ, ಆಮೇಲೆ ಪವರ್ ತೆಗೆ, ಆಮೇಲೆ ಸ್ಟಾರ್ಟ್ ಒತ್ತಿ ನೋಡು. ಮುಚ್ಚಳ ತೆರೆದಿದ್ದರೆ ಲಿಮಿಟ್ ಸ್ವಿಚ್ ಸ್ಟಾರ್ಟ್ ಆಗಲು ಬಿಡುವುದೇ ಇಲ್ಲ. ಐಸೊಲೇಟರ್ ಮುಟ್ಟದಿದ್ದರೂ, ಪಕ್ಕದ ಯಂತ್ರದ ಐಸೊಲೇಟರ್ ತೆಗೆದಿದ್ದರೂ, ಬಟನ್ ಒತ್ತಿದಾಗ ಬ್ಲೆಂಡರ್ ಸುಮ್ಮನಿರುತ್ತದೆ. ಪರೀಕ್ಷೆ ಪಾಸ್! ಅಂದರೆ ಆ ಪರೀಕ್ಷೆ ಏನನ್ನೂ ಪರೀಕ್ಷಿಸುತ್ತಿಲ್ಲ. ಸ್ಟಾರ್ಟ್ ಒತ್ತಿ ನೋಡುವುದು ಮುಚ್ಚಳ ಮುಚ್ಚಿದ್ದಾಗ ಆಗಬೇಕು. ತಪ್ಪು ಐಸೊಲೇಟರ್ ತೆಗೆದಿದ್ದರೆ ರಿಬ್ಬನ್ ತಿರುಗುತ್ತದೆ, ಮುಚ್ಚಳ ಮುಚ್ಚಿರುವುದರಿಂದ ಯಾರಿಗೂ ಪೆಟ್ಟಾಗುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಎಮರ್ಜೆನ್ಸಿ ಸ್ಟಾಪ್ ಏಕೆ ಸಾಲದು ಅಂತ ಹುಡುಗರು ಕೇಳಿದರೆ ಹೇಳಬೇಕಾದ್ದು ಇಷ್ಟು. ಅದು ಕಂಟ್ರೋಲ್ ಸರ್ಕ್ಯೂಟ್ ಮಾತ್ರ ತುಂಡರಿಸುತ್ತದೆ, ಮೋಟಾರಿನ ಮೂರು ಫೇಸ್ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಜೋಡಿಸುವ ಕಾಂತದ ಸ್ವಿಚ್) ಬಾಯಲ್ಲೇ ಕಾಯುತ್ತಿರುತ್ತದೆ. ದಾರಿಯಲ್ಲಿ ಹೋಗುವವನು ಆ ಕೆಂಪು ಅಣಬೆಯನ್ನು ತಿರುಗಿಸಿ ಬಿಡಿಸಬಹುದು, ಅದಕ್ಕೆ ಕೀಲಿ ಬೇಡ. ಆಮೇಲೆ ನಿಮಗೂ ಮೋಟಾರಿಗೂ ನಡುವೆ ಉಳಿಯುವುದು ಮುಚ್ಚಳದ ಲಿಮಿಟ್ ಸ್ವಿಚ್ ಒಂದೇ. ರೋಲರ್ ಇರುವ ಸಾದಾ ಲಿಮಿಟ್ ಸ್ವಿಚ್ಚನ್ನು ಒಂದು ತುಂಡು ಬೈಂಡಿಂಗ್ ವೈರ್‌ನಲ್ಲಿ ಕಟ್ಟಿ ಮೋಸ ಮಾಡಬಹುದು. ನಿಮ್ಮಲ್ಲಿ ಯಾವುದಿದೆ ಅಂತ ನೋಡಿ, ಸಾಧ್ಯವಾದರೆ ಕೋಡೆಡ್ ಮ್ಯಾಗ್ನೆಟಿಕ್ (ತನ್ನ ಜೋಡಿ ಕಾಂತಕ್ಕೆ ಮಾತ್ರ ಸ್ಪಂದಿಸುವ) ಮಾದರಿಗೆ ಬದಲಿಸಿ.

ಯಾರೂ ಬರೆಯದ ಇನ್ನೊಂದು ಹೆಜ್ಜೆ ಇದೆ. ಕೆಲವು ಪ್ಯಾನೆಲ್‌ಗಳಲ್ಲಿ ಕಂಟ್ರೋಲ್ ಸಪ್ಲೈ ಬೇರೆ ಕಡೆಯಿಂದ ಬಂದಿರುತ್ತದೆ. ಐಸೊಲೇಟರ್ ಆಫ್ ಇದ್ದರೂ ಸ್ಟಾರ್ಟ್ ಒತ್ತಿದಾಗ ಕಾಂಟ್ಯಾಕ್ಟರ್ "ಟಕ್" ಅಂತ ಎಳೆದುಕೊಳ್ಳುತ್ತದೆ, ಹಾಗೇ ಹಿಡಿದುಕೊಂಡು ಕೂರುತ್ತದೆ. ಈಗ ಕ್ಲೀನಿಂಗ್ ಮುಗಿದು, ಮುಚ್ಚಳ ಮುಚ್ಚಿ ಐಸೊಲೇಟರ್ ಆನ್ ಮಾಡಿದ ಕೂಡಲೇ ಮೋಟಾರ್ ತಾನಾಗಿ ಓಡಲು ಶುರು, ಅದೂ ನೇರ ಡೆಲ್ಟಾದಲ್ಲಿ. ಮುಚ್ಚಳ ತೆರೆದಾಗ ಲಿಮಿಟ್ ಸ್ವಿಚ್ ಅದನ್ನು ಬಿಡಿಸುತ್ತದೆ ನಿಜ, ಆದರೆ ಕಟ್ಟಿದ ಸ್ವಿಚ್ ಬಿಡಿಸುವುದಿಲ್ಲ. ಆದ್ದರಿಂದ "ಸ್ಟಾರ್ಟ್ ಒತ್ತಿರಿ" ಆದಮೇಲೆ "ಸ್ಟಾಪ್ ಒತ್ತಿರಿ" ಪ್ರತ್ಯೇಕ ಹೆಜ್ಜೆಯಾಗಿ ಇರಲಿ. ಕಂಟ್ರೋಲ್ ರೂಮಿನಿಂದಲೂ ಸ್ಟಾರ್ಟ್ ಆಗುವಂತಿದ್ದರೆ ಅಲ್ಲಿಂದಲೂ ಒತ್ತಿಸಿ ನೋಡಬೇಕು.

ಗಾಳಿ ಬಗ್ಗೆ: ನಿಮ್ಮ ಸ್ಲೈಡ್ ಗೇಟಿನ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ಗಾಳಿಯ ದಾರಿ ಬದಲಿಸುವ ವಾಲ್ವ್) ಒಂದೇ ಕಾಯಿಲ್ ಮತ್ತು ಸ್ಪ್ರಿಂಗ್ ಇರುವ 5/2 (ಐದು ದ್ವಾರ, ಎರಡು ಸ್ಥಿತಿ) ಮಾದರಿಯೇ? ಹಾಗಿದ್ದರೆ ಗಾಳಿ ಇದ್ದಾಗ ಕಾಯಿಲ್‌ನ ಕರೆಂಟ್ ಕಡಿದ ಕ್ಷಣ ಸ್ಪ್ರಿಂಗ್ ವಾಲ್ವನ್ನು ಹಿಂದಕ್ಕೆ ತಳ್ಳುತ್ತದೆ, ತೆರೆದಿದ್ದ ಗೇಟ್ ಧಡ್ ಅಂತ ಮುಚ್ಚಿಕೊಳ್ಳುತ್ತದೆ. 63 ಮಿ.ಮೀ. ಬೋರ್ ಸಿಲಿಂಡರ್ 6 ಬಾರ್‌ನಲ್ಲಿ ಸುಮಾರು 190 ಕೆ.ಜಿ. ಬಲ ಹಾಕುತ್ತದೆ. ಕೆಳಗೆ ಚೀಲ ಹಿಡಿದವನ ಬೆರಳು ಅಲ್ಲಿದ್ದರೆ ಮುಗಿಯಿತು. ಇಂಥ ಯಂತ್ರದಲ್ಲಿ ಮೊದಲು ಗಾಳಿ ಬಿಡಬೇಕು, ಆಮೇಲೆ ಪವರ್ ತೆಗೆಯಬೇಕು. ಸಾದಾ ಬಾಲ್ ವಾಲ್ವ್ ಮುಚ್ಚಿದರೆ ವಾಲ್ವಿನಿಂದ ಸಿಲಿಂಡರ್‌ವರೆಗಿನ ಗಾಳಿ ಒಳಗೇ ಸಿಕ್ಕಿಕೊಂಡಿರುತ್ತದೆ. ಮುಚ್ಚಿದಾಗ ಮುಂದಿನ ಲೈನಿನ ಗಾಳಿಯನ್ನು ಹೊರಗೆ ಬಿಡುವ, ಬೀಗ ಹಾಕಲು ಕಿವಿ ಇರುವ 3/2 ಡಂಪ್ ವಾಲ್ವ್ ಹಾಕಿಸಿ. ಅದು ತಿರುಗಿದಾಗ "ಫುಸ್" ಸದ್ದು ಬರುತ್ತದೆ. ಗೇಜ್ ನೋಡುವ ಮೊದಲೇ ಕಿವಿಗೆ ಗೊತ್ತಾಗುತ್ತದೆ.

---

ಒತ್ತಕ್ಷರ

ಯಂತ್ರದ ವಿಷಯ ಮೇಲಿನ ಇಬ್ಬರೂ ಹೇಳಿದ್ದಾರೆ. ನಾನು ಭಾಷೆಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನಿಮ್ಮ 4.4 ನೋಡಿ ಗಾಬರಿಯಾಯಿತು: "ಏರ್ ವಾಲ್ವ್ ತೆಗೆದು". ತೆಗೆಯುವುದು ಅಂದರೆ ಏನು?

ಸ್ವಿಚ್ ತೆಗೆ ಅಂದರೆ ಆಫ್ ಮಾಡು. ಬಾಗಿಲು ತೆಗೆ ಅಂದರೆ ತೆರೆ. ಫ್ಯೂಸ್ ತೆಗೆ ಅಂದರೆ ಕಿತ್ತು ಹೊರಗಿಡು. ಹಾಗಾದರೆ "ವಾಲ್ವ್ ತೆಗೆ" ಅಂದಾಗ ಒಬ್ಬನು ಮುಚ್ಚುತ್ತಾನೆ, ಒಬ್ಬನು ತೆರೆಯುತ್ತಾನೆ, ಫಿಟ್ಟರ್ ಸ್ಪ್ಯಾನರ್ ಹುಡುಕುತ್ತಾನೆ. ಮೂವರೂ ಕನ್ನಡವನ್ನು ಸರಿಯಾಗಿಯೇ ಓದಿದ್ದಾರೆ. "ಹಾಕು" ಇನ್ನೂ ಕಷ್ಟ. ಲೈಟ್ ಹಾಕು ಅಂದರೆ ಆನ್. ಬಾಗಿಲು ಹಾಕು ಅಂದರೆ ಮುಚ್ಚು. "ವಾಲ್ವ್ ಹಾಕು" ಯಾವ ಕಡೆ? ಇಂಗ್ಲಿಷ್ ಕಲಿತ ಎಲೆಕ್ಟ್ರಿಷಿಯನ್‌ಗೆ ಬ್ರೇಕರ್ "ಕ್ಲೋಸ್" ಅಂದರೆ ಕರೆಂಟ್ ಹರಿಯುತ್ತದೆ, ಪೈಪ್ ಫಿಟ್ಟರ್‌ಗೆ ವಾಲ್ವ್ "ಕ್ಲೋಸ್" ಅಂದರೆ ಹರಿವು ನಿಲ್ಲುತ್ತದೆ. ಹೀಗಾಗಿ ತೆಗೆ, ಹಾಕು, ಬಂದ್, ಕ್ಲೋಸ್ ನಾಲ್ಕನ್ನೂ ಎಸ್‌ಒಪಿಯಿಂದ ಹೊರಗಿಡಿ. ಕೈ ಏನು ಮಾಡಬೇಕು, ಕಣ್ಣಿಗೆ ಏನು ಕಾಣಬೇಕು ಅಷ್ಟನ್ನೇ ಬರೆಯಿರಿ, ವಾಲ್ವಿಗೆ ಎ-1 ಅಂತ ಲೇಬಲ್ ಇದೆ ಅಂದುಕೊಳ್ಳಿ: "ಎ-1ರ ಕೆಂಪು ಹಿಡಿಯನ್ನು ಪೈಪಿಗೆ ಅಡ್ಡ ತಿರುಗಿಸಿರಿ. ಗೇಜ್ ಮುಳ್ಳು 0." (ಬಾಲ್ ವಾಲ್ವ್ ಹಿಡಿ ಪೈಪಿಗೆ ಅಡ್ಡ ಇದ್ದರೆ ಮುಚ್ಚಿದೆ ಅಂತ ಲೆಕ್ಕ. ಆದರೆ ಯಾರೋ ಹಿಡಿ ಬಿಚ್ಚಿ ಮರುಜೋಡಣೆ ಮಾಡುವಾಗ ತಿರುಗಿಸಿ ಕೂರಿಸಿರುವುದೂ ಉಂಟು. ಯಂತ್ರದ ಹತ್ತಿರ ಹೋಗಿ ನೋಡಿದ ಮೇಲೇ ಬರೆಯಿರಿ.)

ಎರಡನೆಯದು ಕನ್ನಡದ ವ್ಯಾಕರಣವೇ ತಂದಿಡುವ ತೊಂದರೆ. "ಒತ್ತಿ" ಎಂಬುದು ಆಜ್ಞೆಯೂ ಹೌದು, "ಒತ್ತಿಕೊಂಡು ಮುಂದೆ" ಎಂಬ ಅರ್ಥದ ಕೃದಂತವೂ ಹೌದು. 4.3ರಲ್ಲಿ "ಕಡಿತಗೊಳಿಸಿ ಬೀಗ ಹಾಕಿ ಸ್ಟಾರ್ಟ್ ಬಟನ್ ಒತ್ತಿ" ಅಂತ ಮೂರು ಕೆಲಸಗಳು ಸರಪಳಿಯಾಗಿ ಹೋಗಿ ಕೊನೆಯ "ಖಚಿತಪಡಿಸಿಕೊಳ್ಳತಕ್ಕದ್ದು" ಮಾತ್ರ ಮುಖ್ಯ ಕ್ರಿಯೆಯಾಗಿ ಕಿವಿಯಲ್ಲಿ ಉಳಿಯುತ್ತದೆ. ನಡುವಿನದ್ದು ಹಾರಿ ಹೋಗುವುದು ಸಹಜ. ಪ್ರತಿ ಕೆಲಸಕ್ಕೂ ಒಂದು ಸಾಲು, ಪ್ರತಿ ಸಾಲಿನ ಕೊನೆಗೆ "ಇರಿ" ರೂಪ: ಒತ್ತಿರಿ, ತಿರುಗಿಸಿರಿ, ನೋಡಿರಿ. ಅದು ಆಜ್ಞೆ ಬಿಟ್ಟು ಬೇರೇನೂ ಆಗಲಾರದು. ನಿಮ್ಮ ಭಾಗದಲ್ಲಿ ಮಾತಿನಲ್ಲೂ "ಒತ್ರಿ, ನೋಡ್ರಿ" ಇದ್ದೇ ಇದೆ, ಪರಕೀಯ ಅನಿಸುವುದಿಲ್ಲ.

"ಮೊದಲು" ಪದವನ್ನೂ ಗಮನಿಸಿ. "ಮುಚ್ಚಳ ತೆರೆಯುವ ಮೊದಲು ಗಾಳಿ ಬಿಡಿ" ಎಂದಾಗ ಕಣ್ಣಿಗೆ ಮೊದಲು ಬೀಳುವುದು ಮುಚ್ಚಳ ತೆರೆಯುವುದು, ಅರ್ಧ ಓದಿದವನ ಕೈ ಅಲ್ಲಿಗೇ ಹೋಗುತ್ತದೆ. ಮಾಡುವ ಕ್ರಮ ಯಾವುದೋ ಬರೆಯುವ ಕ್ರಮವೂ ಅದೇ ಇರಲಿ. ಎಚ್ಚರಿಕೆ ಇದ್ದರೆ ಆ ಹೆಜ್ಜೆಯ ಮೇಲೆ ಬರೆಯಿರಿ, ಕೆಳಗೆ ಬರೆದರೆ ಪೆಟ್ಟಾದ ಮೇಲೆ ಓದಿದಂತೆ. ಮತ್ತು "ಮಾಡತಕ್ಕದ್ದು" ಎಂಬಲ್ಲಿ ಮಾಡುವವನೇ ಕಾಣೆ. ಆಪರೇಟರೋ ಹೆಲ್ಪರೋ ಎಲೆಕ್ಟ್ರಿಷಿಯನ್ನೋ?

ಅಂಕಿಗಳನ್ನು 0, 6 ಅಂತಲೇ ಇಡಿ. ಗೇಜಿನ ಮೇಲೆ ಇರುವುದು ಅದೇ. ಗೇಜ್ ಕೆ.ಜಿ./ಸೆಂ.ಮೀ.² ತೋರಿಸುತ್ತಿದ್ದರೆ ಎಸ್‌ಒಪಿಯಲ್ಲಿ ಬಾರ್ ಬರೆಯಬೇಡಿ.

---

ಬಿ_ಶಿಫ್ಟ್

ಸರ, ನಿಮ್ಮ ಕಾಗದಾ ಎಷ್ಟ ಚಂದ ಬರದ್ರೂ ಟೈಮ್ ಬಗ್ಗೆ ಯಾರೂ ಕೇಳವಲ್ಲರು. ಚೇಂಜ್‌ಓವರ್‌ಗೆ (ಒಂದ ಪುಡಿ ಮುಗಿಸಿ ಇನ್ನೊಂದ ಹಾಕೋದಕ್ಕ) ಪ್ಲ್ಯಾನಿಂಗ್‌ನ್ಯಾಗ ಎಷ್ಟ ನಿಮಿಷ ಇಟ್ಟಾರ? ಬೀಗ ತರಾಕ ಮೆಂಟೆನೆನ್ಸ್ ಆಫೀಸಿಗೆ ಹೋಗಿ ಬರೋದು, ರಜಿಸ್ಟರ್ ಸಹಿ, ವಾಪಸ್ ಕೊಡೋದು ಅಂದ್ರ ಹತ್ತು ನಿಮಿಷ ಅಲ್ಲೇ ಹೋತು. ದಿನಕ್ಕ ಐದ ಸಲ ಅಂದ್ರ ಐವತ್ತು ನಿಮಿಷ. ಟಾರ್ಗೆಟ್ ಮಾತ್ರ ಹಂಗೇ. ಇದು ಉಲ್ಲಂಘನೆ ಅಲ್ಲರಿ, ಲೆಕ್ಕಾಚಾರ.

ಬೀಗದ ಬೋರ್ಡ್ ಬ್ಲೆಂಡರ್ ಕಂಬಕ್ಕೇ ಹಾಕ್ರಿ. ಆಪರೇಟರ್ ಒಬ್ಬೊಬ್ಬಗ ಒಂದ ಬೀಗ, ಒಂದೇ ಕೀಲಿ, ಅವನ ಫೋಟೋ ಬೀಗದ ಮ್ಯಾಲೆ. ಡುಪ್ಲಿಕೇಟ್ ಕೀಲಿ ಸೂಪರ್‌ವೈಜರ್ ಕಿಸೆದಾಗ ಇದ್ರ ಅದು ಬೀಗ ಅಲ್ಲ, ಬರೇ ಅಲಂಕಾರ. ಇಬ್ರು ಕ್ಲೀನ್ ಮಾಡ್ತಿದ್ರ ಹ್ಯಾಸ್ಪ್ (ಹಲವು ಬೀಗ ಹಿಡಿಯೋ ಕೊಂಡಿ) ಹಾಕಿ ಇಬ್ಬರದೂ ಬೀಗ ಬೀಳಬೇಕು. ಆಮ್ಯಾಲೆ ಒಮ್ಮೆ ಸ್ಟಾಪ್‌ವಾಚ್ ಹಿಡದು ಪೂರಾ ಎಸ್‌ಒಪಿ ಪ್ರಕಾರ ಮಾಡಿ ನೋಡ್ರಿ. ಎಷ್ಟ ನಿಮಿಷ ಬರತೈತೋ ಅಷ್ಟನ್ನ ಪ್ರೊಡಕ್ಷನ್ ಪ್ಲ್ಯಾನ್‌ನ್ಯಾಗ ಬರೀರಿ. ಅದನ್ನ ಬರಿಯಾಕ ಆಗಲ್ಲ ಅಂದ್ರ ಎಸ್‌ಒಪಿ ಬರಿಯೋದೂ ಬ್ಯಾಡ.

---

ಫೈಲ್_ಭದ್ರ

ಸ್ವಲ್ಪ ವಿರುದ್ಧ ಮಾತು. 11 ಪುಟವನ್ನು ಒಂದು ಪುಟ ಮಾಡಿದರೆ ಕಸ್ಟಮರ್ ಆಡಿಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಉದ್ದೇಶ, ವ್ಯಾಪ್ತಿ, ಜವಾಬ್ದಾರಿ, ಅಪಾಯ ವಿಶ್ಲೇಷಣೆ, ಬದಲಾವಣೆಯ ಇತಿಹಾಸ, ಇವೆಲ್ಲ ಇಲ್ಲದೆ ದಾಖಲೆ ಪೂರ್ಣವಲ್ಲ. ಆಪರೇಟರ್‌ಗಳಿಗೆ ಏಕೆ ಎಂಬುದೂ ಗೊತ್ತಿರಬೇಕಲ್ಲವೇ?

---

ಹಳದಿ_ಹೆಲ್ಮೆಟ್

ಫೈಲ್_ಭದ್ರ ಅವರೇ, 11 ಪುಟ ಇರಲಿ, ಆಫೀಸಿನಲ್ಲಿ ಇರಲಿ. ಯಂತ್ರದ ಹತ್ತಿರ ಒಂದು ಎ3 ಹಾಳೆ ಸಾಕು, ಎರಡಕ್ಕೂ ಒಂದೇ ದಾಖಲೆ ಸಂಖ್ಯೆ, ಒಂದೇ ಪರಿಷ್ಕರಣೆ ಸಂಖ್ಯೆ. ಆಡಿಟರ್‌ಗೆ ಬೇಕಾದ್ದು ಅವರಿಗೆ, ಕೈಗೆ ಖಾರದ ಪುಡಿ ಮೆತ್ತಿದವನಿಗೆ ಬೇಕಾದ್ದು ಅವನಿಗೆ. "ಏಕೆ" ಎಂಬುದು ಟ್ರೇನಿಂಗ್‌ನಲ್ಲಿ ಬರಲಿ, ಹಾಳೆಯ ಮೇಲೆ ಬೇಡ.

ಕಾಗದಕ್ಕೂ ಕೆಲಸಕ್ಕೂ ದೂರ ಬೆಳೆದರೆ ಏನಾಗುತ್ತದೆ ಎಂಬುದಕ್ಕೆ 2005ರ ಮಾರ್ಚ್ 23ರ ಟೆಕ್ಸಾಸ್ ಸಿಟಿ ರಿಫೈನರಿ ಸ್ಫೋಟವನ್ನು ನೋಡಬಹುದು, 15 ಜನ ಸತ್ತರು. ಸ್ಟಾರ್ಟ್‌ಅಪ್ ವೇಳೆ ಟವರ್‌ನಲ್ಲಿ ದ್ರವ ಎಷ್ಟಿರಬೇಕು ಎಂದು ಲಿಖಿತ ವಿಧಾನದಲ್ಲಿ ಇತ್ತು. ಅದಕ್ಕಿಂತ ಮೇಲೆ ತುಂಬುವುದು ಅಲ್ಲಿ ಹಿಂದಿನಿಂದಲೂ ರೂಢಿಯಾಗಿತ್ತು, ಏಕೆಂದರೆ ಮಟ್ಟ ಇಳಿದರೆ ಹೀಟರ್‌ಗೆ ತೊಂದರೆಯಾಗುತ್ತದೆ ಎಂಬ ಭಯ. ಹಾಳೆಯನ್ನು ಯಾರೂ ತಿದ್ದಲಿಲ್ಲ.

ಮಸಾಲೆ_ಲೈನ್, ಬರೆದ ಡ್ರಾಫ್ಟ್ ಇಲ್ಲಿ ಹಾಕಿ, ನೋಡೋಣ.

---

ಮಸಾಲೆ_ಲೈನ್

ಎಲ್ಲರಿಗೂ ಧನ್ಯವಾದ. ಸೊಲೆನಾಯ್ಡ್ ನೋಡಿದೆ, ಕಾಂಟ್ಯಾಕ್ಟರ್_ಟಕ್ ಹೇಳಿದ ಮಾದರಿಯೇ. ಡಂಪ್ ವಾಲ್ವ್, ಹ್ಯಾಂಡಲ್ ಎರಡಕ್ಕೂ ಆರ್ಡರ್ ಕೊಟ್ಟಾಗಿದೆ. ಲೇಬಲ್: ಇ-1 ಬ್ಲೆಂಡರ್ ಐಸೊಲೇಟರ್, ಇ-2 ಸ್ಕ್ರೂ ಕನ್ವೇಯರ್ ಐಸೊಲೇಟರ್, ಎ-1 ಡಂಪ್ ವಾಲ್ವ್, ಜಿ-1 ಗೇಜ್. ಡ್ರಾಫ್ಟ್ (ಎಲ್ಲ ಹೆಜ್ಜೆಯೂ ಆಪರೇಟರ್‌ದು):

1. ಗೇಟ್ ತೆರೆದು ಬ್ಲೆಂಡರ್ ಖಾಲಿಯಾಗುವವರೆಗೆ ಓಡಿಸಿರಿ. ಗೇಟ್ ತೆರೆದೇ ಇರಲಿ.
2. ಬ್ಲೆಂಡರ್ ಸ್ಟಾಪ್, ಕನ್ವೇಯರ್ ಸ್ಟಾಪ್ ಒತ್ತಿರಿ. ಮುಚ್ಚಳ ಮುಚ್ಚಿಯೇ ಇರಲಿ.
3. ಎ-1ರ ಕೆಂಪು ಹಿಡಿಯನ್ನು ಪೈಪಿಗೆ ಅಡ್ಡ ತಿರುಗಿಸಿರಿ. ನಿಮ್ಮ ಬೀಗ ಕೂರಿಸಿರಿ.
4. ಜಿ-1 ಓದಿರಿ. ರೀಡಿಂಗ್: ____ (0 ಇರಬೇಕು)
5. ಇ-1 ಹಿಡಿಯನ್ನು "0"ಗೆ ತಿರುಗಿಸಿರಿ. ಬೀಗ ಕೂರಿಸಿರಿ. ಬೀಗ ಸಂಖ್ಯೆ: ____
6. ಇ-2 ಹಿಡಿಯನ್ನು "0"ಗೆ ತಿರುಗಿಸಿರಿ. ಬೀಗ ಕೂರಿಸಿರಿ. ಬೀಗ ಸಂಖ್ಯೆ: ____
7. ಬ್ಲೆಂಡರ್ ಸ್ಟಾರ್ಟ್ ಒತ್ತಿರಿ. ಶಾಫ್ಟ್ ತುದಿ ತಿರುಗಬಾರದು.
8. ಬ್ಲೆಂಡರ್ ಸ್ಟಾಪ್ ಒತ್ತಿರಿ.
9. ಕನ್ವೇಯರ್‌ಗೂ 7, 8 ಮಾಡಿರಿ.
10. ಮುಚ್ಚಳ ತೆರೆಯಿರಿ. ಕ್ಲೀನ್ ಮಾಡಿರಿ.
11. ರಿಬ್ಬನ್ ತಿರುಗಿಸಲು: ಎಲ್ಲರ ಕೈ ಹೊರಗೆ ಇದೆಯೇ ನೋಡಿರಿ. ಹ್ಯಾಂಡಲ್ 18 ಸುತ್ತು ತಿರುಗಿಸಿರಿ.
12. ಮುಚ್ಚಳ ಮುಚ್ಚಿರಿ. ಬೀಗ ಬಿಡಿಸಿರಿ. ಪವರ್, ಗಾಳಿ ಕೊಡಿರಿ.

ಒಂದು ಪ್ರಶ್ನೆ: ಎರಡನೆಯವನ ಸಹಿ ಬೇಕೇ? ಮತ್ತು ಹೆಲ್ಪರ್‌ಗಳಲ್ಲಿ ಕೆಲವರು ಒಡಿಶಾದವರು, ಕನ್ನಡ ಓದಲು ಬರುವುದಿಲ್ಲ.

---

ಕಾಂಟ್ಯಾಕ್ಟರ್_ಟಕ್

1ರಿಂದ 9 ಚೆನ್ನಾಗಿದೆ. ತೊಂದರೆ ಇರುವುದು 12ರಲ್ಲಿ. ಇಳಿಯುವ ದಾರಿಗೆ ಒಂಬತ್ತು ಸಾಲು, ಹತ್ತುವ ದಾರಿಗೆ ಒಂದೇ ಸಾಲು! ಕೆಲಸ ಮುಗಿಯಿತು ಅಂತ ಮನಸ್ಸಿಗೆ ಅನಿಸಿದ ಮೇಲೆ ಬರುವ ಹೆಜ್ಜೆಗಳೇ ಹೆಚ್ಚಾಗಿ ಬಿಟ್ಟುಹೋಗುವುದು. ಜೆರಾಕ್ಸ್ ಮಾಡಿಸಿದವರು ಒರಿಜಿನಲ್ಲನ್ನು ಮೆಷಿನ್ನಿನಲ್ಲೇ ಬಿಟ್ಟು ಬರುತ್ತಾರೆ. ಹಣ ಕೈಗೆ ಬಂದರೆ ಕಾರ್ಡ್ ಮರೆಯುತ್ತಾರೆ ಅಂತಲೇ ಹಲವು ಎಟಿಎಂಗಳು ಕಾರ್ಡ್ ತೆಗೆದುಕೊಂಡ ಮೇಲೆ ಮಾತ್ರ ಹಣ ಕೊಡುತ್ತವೆ. ನಿಮ್ಮಲ್ಲಿ ಹಾಗೆ ಒಳಗೆ ಉಳಿಯುವುದು ಬ್ರಷ್, ಸ್ಕ್ರೇಪರ್, ಹ್ಯಾಂಡಲ್. 12ನ್ನು ಹೀಗೆ ಒಡೆಯಿರಿ:

12. ಹ್ಯಾಂಡಲ್ ಬೋರ್ಡಿನ ಕೊಕ್ಕೆಗೆ ಸಿಗಿಸಿರಿ. ಶಾಫ್ಟ್ ಮುಚ್ಚಳ ಕೂರಿಸಿರಿ.
13. ಬ್ರಷ್, ಸ್ಕ್ರೇಪರ್ ಬೋರ್ಡಿಗೆ ಸಿಗಿಸಿರಿ. ಎಣಿಕೆ: ____ (4 ಇರಬೇಕು)
14. ಮುಚ್ಚಳ ಮುಚ್ಚಿರಿ.
15. ಗೇಟಿನ ಕೆಳಗೆ ಯಾರ ಕೈಯೂ ಇಲ್ಲವೆಂದು ನೋಡಿರಿ. "ಗಾಳಿ ಬರ್ತಿದೆ" ಎಂದು ಕೂಗಿರಿ.
16. ಎ-1 ಬೀಗ ಬಿಡಿಸಿರಿ. ಹಿಡಿಯನ್ನು ನಿಧಾನವಾಗಿ ಪೈಪಿನ ಉದ್ದಕ್ಕೆ ತಿರುಗಿಸಿರಿ. ಗೇಟ್ ತಾನಾಗಿ ಮುಚ್ಚುತ್ತದೆ.
17. ಇ-2 ಬೀಗ ಬಿಡಿಸಿರಿ. "1"ಕ್ಕೆ ತಿರುಗಿಸಿರಿ.
18. ಇ-1 ಬೀಗ ಬಿಡಿಸಿರಿ. "1"ಕ್ಕೆ ತಿರುಗಿಸಿರಿ.

16ರಲ್ಲಿ ಗೇಟ್ ತಾನಾಗಿ ಮುಚ್ಚಿಕೊಳ್ಳುವುದು ಅದೇ ಸ್ಪ್ರಿಂಗ್‌ನಿಂದ. ಕಾಯಿಲ್‌ಗೆ ಕರೆಂಟ್ ಇಲ್ಲ, ಗಾಳಿ ಬಂದ ತಕ್ಷಣ ಗೇಟ್ ಮನೆ ಜಾಗಕ್ಕೆ ಓಡುತ್ತದೆ. ಗಾಳಿಯನ್ನು ಮೆಲ್ಲಗೆ ಒಳಬಿಡುವ ಒಂದು ಸಾಫ್ಟ್ ಸ್ಟಾರ್ಟ್ ವಾಲ್ವ್ ಸೇರಿಸಿದರೆ ಓಡದೆ ತೆವಳುತ್ತದೆ. ಇದಕ್ಕೆಲ್ಲ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಕಾಯಿಲ್‌ನ ಸಪ್ಲೈ ಇ-1ರ ಕೆಳಗಿನದೋ, ಬೇರೆಯದೋ. ಬೇರೆಯಾದರೆ ಕಾಯಿಲ್‌ಗೆ ಕರೆಂಟ್ ಇದ್ದೇ ಇರುತ್ತದೆ, ಗಾಳಿ ಬಂದಾಗ ಗೇಟ್ ತೆರೆದೇ ಉಳಿಯುತ್ತದೆ, ಹಾಳೆಯ ಸಾಲು ಸುಳ್ಳಾಗುತ್ತದೆ.

ಮತ್ತೆ, ನಡುವೆ ಚಹಾಕ್ಕೆ ಹೋದರೆ ಏನು ಎಂಬುದು ಹಾಳೆಯಲ್ಲಿ ಇಲ್ಲ. "ಕೆಲಸ ನಿಂತಿದ್ದರೆ 4ನೇ ಹೆಜ್ಜೆಯಿಂದ ಮತ್ತೆ ನೋಡಿಕೊಂಡು ಬನ್ನಿರಿ, 7ಕ್ಕೆ ಮುಚ್ಚಳ ಮುಚ್ಚಿರಲಿ" ಅಂತ ಒಂದು ಸಾಲು ಸೇರಿಸಿ.

---

ಹಳದಿ_ಹೆಲ್ಮೆಟ್

ಎರಡನೆಯವನ ಸಹಿ: ಸಹಿ ಬೇಡ, ಕೆಲಸ ಕೊಡಿ. ಮೊದಲನೆಯವನು ಮಾಡಿದ್ದನ್ನು ಪಕ್ಕದಲ್ಲಿ ನಿಂತು ನೋಡಿ ಸಹಿ ಹಾಕುವವನು ಮೊದಲನೆಯವನನ್ನು ನಂಬಿ ಸಹಿ ಹಾಕುತ್ತಾನೆ, ಮೊದಲನೆಯವನು ಹೇಗೂ ಎರಡನೆಯವನು ನೋಡುತ್ತಾನೆ ಅಂತ ಸಡಿಲ ಬಿಡುತ್ತಾನೆ. ಎರಡು ಕಣ್ಣು ಸೇರಿ ಒಂದಕ್ಕಿಂತ ಕಡಿಮೆ. ಬೀಗ ಹಾಕದವನೇ 7ನೇ ಹೆಜ್ಜೆಯಲ್ಲಿ ಸ್ಟಾರ್ಟ್ ಒತ್ತಲಿ, ಅಷ್ಟು ಸಾಕು. ಒತ್ತುವ ಮುನ್ನ ಲೇಬಲ್ ಕಡೆ ಬೆರಳು ತೋರಿಸಿ "ಇ-1, ಸೊನ್ನೆ, ಬೀಗ ಇದೆ" ಅಂತ ಗಟ್ಟಿಯಾಗಿ ಹೇಳಲಿ. ಜಪಾನಿನ ರೈಲ್ವೆಯವರು ಸಿಗ್ನಲ್ ನೋಡುವಾಗ ಬೆರಳು ತೋರಿಸಿ ಕೂಗುವುದು ಇದಕ್ಕೇ. ಮೊದಲ ವಾರ ಎಲ್ಲರೂ ನಗುತ್ತಾರೆ.

ನೀವು ಟಿಕ್ ಬದಲು ರೀಡಿಂಗ್, ಬೀಗ ಸಂಖ್ಯೆ ಬರೆಸುತ್ತಿರುವುದು ಒಳ್ಳೆಯದು. ಶಿಫ್ಟ್ ಕೊನೆಗೆ ನೆನಪಿನಿಂದ ತುಂಬುವುದು ಕಷ್ಟವಾಗುತ್ತದೆ. ಆದರೆ ನಾಲ್ಕು ಖಾಲಿ ಜಾಗಕ್ಕಿಂತ ಹೆಚ್ಚು ಮಾಡಿದರೆ ಮತ್ತೆ ಹಳೇ ಕಥೆಯೇ.

ಶಿಫ್ಟ್ ಬದಲಾವಣೆ ಸೇರಿಸಿ: ಬರುವವನ ಬೀಗ ಹ್ಯಾಸ್ಪ್‌ಗೆ ಬಿದ್ದ ಮೇಲೆ ಹೋಗುವವನ ಬೀಗ ಹೊರಬರಬೇಕು. ನಡುವೆ ಒಂದು ನಿಮಿಷವೂ ಬೀಗವಿಲ್ಲದೆ ಇರಬಾರದು. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತ ದುರಂತ ಶುರುವಾದದ್ದು ಇಂಥ ಕಡೆಯೇ. ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ ತಟ್ಟೆ ಮುಚ್ಚಿದ್ದರು. ಪಂಪಿನ ಪರ್ಮಿಟ್ (ಕೆಲಸಕ್ಕೆ ಲಿಖಿತ ಅನುಮತಿ) ಬೇರೆ, ವಾಲ್ವಿನ ಪರ್ಮಿಟ್ ಬೇರೆ, ಎರಡೂ ಒಂದೇ ಕಡೆ ಇರಲಿಲ್ಲ. ರಾತ್ರಿ ಪಾಳಿಯವರು ಆ ಪಂಪನ್ನೇ ಸ್ಟಾರ್ಟ್ ಮಾಡಿದರು. ನಿಮ್ಮ ಇ-1, ಇ-2, ಎ-1 ಮೂರರ ವಿವರವೂ ಒಂದೇ ಹಾಳೆಯಲ್ಲಿ ಇರುವುದು ಅದಕ್ಕೇ ಮುಖ್ಯ.

ಒಡಿಶಾದವರಿಗೆ: ಹಾಳೆಯಲ್ಲಿ ಮೂರು ಭಾಷೆ ತುರುಕಬೇಡಿ. ಆಪರೇಟರ್ ನಿಂತ ಜಾಗದಿಂದ, ಅವನ ಕಣ್ಣಿನ ಎತ್ತರದಿಂದ ಫೋಟೋ ತೆಗೆಯಿರಿ. ಇ-1, ಇ-2, ಎ-1, ಜಿ-1 ಒಂದೊಂದಕ್ಕೆ ಒಂದು, ಸರಿಯಾದ ಸ್ಥಿತಿಯಲ್ಲಿ. ಅಕ್ಷರ ಕೈ ಚಾಚಿದಷ್ಟು ದೂರದಿಂದ ಕಾಣಬೇಕು, 16 ಪಾಯಿಂಟ್‌ಗಿಂತ ಕಡಿಮೆ ಬೇಡ. ಒಡಿಯಾ ಹಾಳೆ ಪ್ರತ್ಯೇಕ ಮಾಡಿಸಿ, ಲೇಬಲ್ ಸಂಖ್ಯೆಗಳು ಮಾತ್ರ ಎರಡರಲ್ಲೂ ಅವೇ ಇರಲಿ.

ಲ್ಯಾಮಿನೇಟ್ ಮಾಡುವ ಮುಂಚೆ ಪರೀಕ್ಷೆ: ಈ ಯಂತ್ರ ಮುಟ್ಟದ ಮೂವರನ್ನು ಕರೆಯಿರಿ, ಗ್ಲೌಸ್ ಹಾಕಿಸಿ, ರಾತ್ರಿ ಪಾಳಿಯ ಬೆಳಕಿನಲ್ಲಿ, ಹಾಳೆ ಮಾತ್ರ ಕೊಟ್ಟು ಮಾಡಲು ಹೇಳಿ. ಪಕ್ಕದಲ್ಲಿ ಅನುಭವಿ ಆಪರೇಟರ್ ಇರಲಿ, ಅಪಾಯದ ಕಡೆ ಕೈ ಹೋದರೆ ಮಾತ್ರ ತಡೆಯಲಿ. ನೀವು ಬಾಯಿ ಬಿಡಬಾರದು. ಅವರು ಎಲ್ಲಿ ತಡೆದು ನಿಲ್ಲುತ್ತಾರೋ, ಎಲ್ಲಿ ನಿಮ್ಮ ಮುಖ ನೋಡುತ್ತಾರೋ ಆ ಸಾಲಿಗೆ ಗುರುತು ಹಾಕಿ. ತಿದ್ದಬೇಕಾದ್ದು ಆ ಸಾಲುಗಳನ್ನೇ.

---

ಬಿ_ಶಿಫ್ಟ್

ಎರಡ ಮಾತು ಬಿಟ್ಟೀರಿ. ಕಂಪ್ರೆಸ್ಡ್ ಏರ್‌ಲೆ ಪುಡಿ ಊದೋದನ್ನ ಹಾಳಿ ಮ್ಯಾಲೇ "ಬ್ಯಾಡ" ಅಂತ ಬರೀರಿ. ಮಸಾಲಿ ಪುಡಿ ಗಾಳ್ಯಾಗ ಮೋಡ ಆಗಿ ನಿಂತಾಗ ಕಿಡಿ ಸಿಕ್ರ ಹತ್ತತೈತಿ, ಕಣ್ಣಿಗೆ ಖಾರ ಹೊಡಿಯೋದು ಬ್ಯಾರೆ. ವ್ಯಾಕ್ಯೂಮ್ ಪೈಪ್ ತಳಾ ಮುಟ್ಟಬೇಕು, ಗಿಡ್ಡ ಇದ್ರ ಹುಡುಗ್ರು ಒಳಗ ಇಳೀತಾರ. ಉದ್ದ ಹಿಡಿಕಿ ಬ್ರಷ್ ತರಸ್ರಿ, ತೊಟ್ಟಿ ಆಳಕ್ಕಿಂತ ಒಂದ ಮೊಳ ಉದ್ದ.

---

ಹಳದಿ_ಹೆಲ್ಮೆಟ್

ಒಳಗೆ ಇಳಿಯುವ ಮಾತು ಬಂದದ್ದು ಒಳ್ಳೆಯದಾಯಿತು. ಯಾರಾದರೂ ಪೂರ್ತಿ ಒಳಗೆ ಇಳಿಯುವುದಾದರೆ ಈ ಹಾಳೆ ಅನ್ವಯಿಸುವುದಿಲ್ಲ. ಅದು ಕನ್‌ಫೈನ್ಡ್ ಸ್ಪೇಸ್ (ಇಕ್ಕಟ್ಟಾದ, ಮುಚ್ಚಿದ ಜಾಗ), ಪ್ರತ್ಯೇಕ ಪರ್ಮಿಟ್, ಹೊರಗೆ ಕಾವಲಿಗೆ ಒಬ್ಬ. ಒಳಗೆ ಒಯ್ಯುವ ಲೈಟಿಗೆ 1948ರ ಕಾರ್ಖಾನೆ ಕಾಯ್ದೆಯ 36-ಎ ಕಲಂ ಇಟ್ಟ 24 ವೋಲ್ಟ್ ಮಿತಿಯನ್ನೇ ಹಿಡಿಯಿರಿ, 230 ವೋಲ್ಟಿನ ಹ್ಯಾಂಡ್ ಲ್ಯಾಂಪ್ ಬೇಡ. ಹಾಳೆಯ ತಲೆಯ ಮೇಲೆ ಒಂದು ಸಾಲು ಬರೆಯಿರಿ: "ಭುಜದಿಂದ ಮುಂದೆ ಒಳಗೆ ಹೋಗುವ ಕೆಲಸಕ್ಕೆ ಈ ಹಾಳೆ ಬಳಸಬೇಡಿರಿ."

---

ಒತ್ತಕ್ಷರ

ಆ ಸಾಲು "ಕೈ ಭುಜದವರೆಗೆ ಮಾತ್ರ ಒಳಗೆ. ತಲೆ ಹೊರಗೆ." ಎಂದಿರಲಿ. "ಮುಂದೆ", "ಬೇಡ" ಎರಡನ್ನೂ ಒಟ್ಟಿಗೆ ಬಿಡಿಸಿಕೊಂಡು ಓದುವಷ್ಟು ಪುರಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ.